ಗೋಲ್ಕೊಂಡದ ಚಪ್ಪಾಳೆ, ಅಥವಾ ಲೈಕ್ ಮೀಮಾಂಸೆ

ವಿಷಯ

ಹೈದರಾಬಾದಿನ ಗೋಲ್ಕೊಂಡ ಕೋಟೆಯಲ್ಲಿ ಫತೇ ದರ್ವಾಜಾದ ಗುಮ್ಮಟದ ಕೆಳಗೆ ನಿಂತು ಚಪ್ಪಾಳೆ ತಟ್ಟಿದರೆ, ಸುಮಾರು 1 ಕಿಲೋಮೀಟರ್ ಆಚೆ ಗುಡ್ಡದ ನೆತ್ತಿಯ ಬಾಲಾ ಹಿಸಾರ್ ಮಂಟಪದಲ್ಲಿ ಅದು ಕೇಳುತ್ತದೆ. ವಿದ್ವಾಂಸರು ಈ ಸಂಗತಿಯನ್ನು ವಾಸ್ತುಶಿಲ್ಪ, ಧ್ವನಿವಿಜ್ಞಾನ, ಪ್ರವಾಸೋದ್ಯಮ ಎಂಬ ಮೂರು ಖಾನೆಗಳಲ್ಲಿ ಹಂಚಿಟ್ಟು ಕೈತೊಳೆದುಕೊಂಡಿದ್ದಾರೆ. ಇದೇ ಜಗತ್ತಿನ ಮೊದಲ ಲೈಕ್ ಎಂಬುದು ಅವರಿಗೆ ಹೊಳೆದಂತಿಲ್ಲ. ಲೈಕ್ ಗುಂಡಿ ಹುಟ್ಟಿದ್ದು 2009ರ ಫೆಬ್ರವರಿಯಲ್ಲಿ, ಫೇಸ್‌ಬುಕ್ಕಿನಲ್ಲಿ, ಎಂದು ಕ್ಯಾಲಿಫೋರ್ನಿಯಾ ಪಂಥದವರು ವಾದಿಸುತ್ತಾರೆ. ಗೋಲ್ಕೊಂಡ ಮೊಗಲರ ವಶವಾದದ್ದೇ 1687ರಲ್ಲಿ. ಹಾಗಾಗಿ ಕ್ಯಾಲಿಫೋರ್ನಿಯಾದವರು ಕನಿಷ್ಠ ಮುನ್ನೂರು ವರ್ಷ ತಡ.

ಹೈದರಾಬಾದಿನಲ್ಲಿ ಕೂತು ಕನ್ನಡದಲ್ಲಿ ಬರೆಯುವವನು ತನ್ನ ಬರಹವನ್ನು ಸಾಮಾಜಿಕ ಜಾಲತಾಣಗಳ ಮೂಲಕ ಓದುಗರಿಗೆ ಮುಟ್ಟಿಸುವ ಬಗೆ ಯಾವುದು ಎಂಬುದೇ ಇಲ್ಲಿಯ ವಿಚಾರ. ಮೀಮಾಂಸಕರ ಅಧಿಕರಣಕ್ಕೆ, ಅಂದರೆ ಒಂದು ವಿಷಯದ ಚರ್ಚೆಗೆ, ಐದು ಅಂಗಗಳಿರುವಂತೆ ಇದಕ್ಕೂ ಐದನ್ನು ಜೋಡಿಸಲಾಗಿದೆ. ನಾಲ್ಕಕ್ಕೇ ಮುಗಿಸಬಹುದಿತ್ತು. ಆದರೆ ನಾಲ್ಕು ಅಂಗದ ಪ್ರಬಂಧವನ್ನು ಯಾವ ವಿಚಾರಸಂಕಿರಣವೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಹೈದರಾಬಾದಿಗೂ ಕನ್ನಡಕ್ಕೂ ಏನು ಸಂಬಂಧ ಎಂಬ ಆಕ್ಷೇಪ ಏಳಬಹುದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡು ಎಂದಿತು. ಭೂಪಟ ಬಿಡಿಸಿದರೆ ಹೈದರಾಬಾದು ಗೋದಾವರಿಯ ದಕ್ಷಿಣಕ್ಕೇ ಸಿಗುತ್ತದೆ. ಕವಿರಾಜಮಾರ್ಗದ ಮಾತನ್ನು ನಂಬದವರಿಗೆ ಸರಕಾರಿ ದಾಖಲೆಯೂ ಇದೆ: 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರಿನವರ ರಾಜಧಾನಿ ಇದೇ ಊರು. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ. 2000ದಲ್ಲಿ ಶುರುವಾದ ಈಟಿವಿ ಕನ್ನಡದ ವಾರ್ತೆಗಳು ವರ್ಷಗಟ್ಟಲೆ ಬಿತ್ತರವಾದದ್ದು ಊರಾಚೆಯ ರಾಮೋಜಿ ಫಿಲಂ ಸಿಟಿಯಿಂದ. ಧಾರವಾಡದ ಮಳೆಯ ಸುದ್ದಿ ಬಿಸಿಲಲ್ಲಿ ಬೇಯುವ ಹಯಾತ್‌ನಗರದ ದಿಕ್ಕಿನಿಂದ ಧಾರವಾಡಕ್ಕೆ ಹೋಗುತ್ತಿತ್ತು. ಇಷ್ಟೂ ಸಾಲದೆಂದರೆ ಕೊನೆಯ ಪ್ರಮಾಣ: ಫೇಸ್‌ಬುಕ್ ಭಾರತದಲ್ಲಿ ತನ್ನ ಮೊದಲ ಕಚೇರಿ ತೆರೆದದ್ದು 2010ರಲ್ಲಿ, ಹೈದರಾಬಾದಿನಲ್ಲಿ. ಲೈಕ್ ತವರಿಗೆ ಮರಳಿತು ಎಂದು ಪ್ರಸ್ತುತ ಪ್ರಬಂಧಕಾರರು ಇದನ್ನು ವ್ಯಾಖ್ಯಾನಿಸುತ್ತಾರೆ.

ಸಂಶಯ

ಶಾಸ್ತ್ರಗ್ರಂಥಗಳಲ್ಲಿ ಉದಾಹರಣೆ ಬೇಕಾದಾಗಲೆಲ್ಲ ದೇವದತ್ತನನ್ನು ಕರೆಯುವುದು ವಾಡಿಕೆ. ಹಗಲು ಉಣ್ಣದೆಯೂ ದಪ್ಪಗಿರುವ ದೇವದತ್ತ ಮೀಮಾಂಸಕರ ಮನೆಯ ಹಳೆಯ ಆಳು. ಈ ಪ್ರಬಂಧದ ಅನುಕೂಲಕ್ಕಾಗಿ ಅವನನ್ನು ಕಾಚಿಗುಡಕ್ಕೆ ಕರೆತಂದು, ಎರಡನೆಯ ಮಹಡಿಯಲ್ಲಿ ಬಾಡಿಗೆ ಮನೆ ಹಿಡಿದು, ಮದುವೆಯನ್ನೂ ಮಾಡಿಸಲಾಗಿದೆ.

ದೇವದತ್ತ ಕಾಚಿಗುಡ ರೈಲು ನಿಲ್ದಾಣದ ಮೇಲೆ 1,200 ಪದಗಳ ಲೇಖನ ಬರೆದ. ಏಳನೆಯ ನಿಜಾಮ ಉಸ್ಮಾನ್ ಅಲಿ ಖಾನನ ಕಾಲದ ಗುಮ್ಮಟಗಳು, ಮಿನಾರುಗಳು, ಸಂಜೆಯ ಬೆಂಗಳೂರು ಗಾಡಿಗೆ ಚಪಾತಿ ಗಂಟು ಹಿಡಿದು ಬರುವ ಕನ್ನಡ ಸಂಸಾರಗಳು, ಎಲ್ಲವೂ ಅದರಲ್ಲಿದ್ದವು. ಭಾನುವಾರ ಬೆಳಿಗ್ಗೆ 7 ಗಂಟೆಗೆ ಫೇಸ್‌ಬುಕ್ಕಿನಲ್ಲೂ ಹನ್ನೊಂದು ವಾಟ್ಸ್ಆ್ಯಪ್ ಬಳಗಗಳಲ್ಲೂ ಅದರ ಲಿಂಕ್ ಹಾಕಿದ. ಜೊತೆಗೆ ಒಕ್ಕಣೆ: ‘ಬಿಡುವಾದಾಗ ಓದಿ, ಅಭಿಪ್ರಾಯ ತಿಳಿಸಿ.’

ಅಪಾರ್ಟ್‌ಮೆಂಟಿನ ಬಳಗದಲ್ಲಿ ಆ ಲಿಂಕಿನ ಮೇಲ್ಗಡೆ ಸೂರ್ಯೋದಯದ ಚಿತ್ರವಿರುವ ಶುಭೋದಯ. ಕೆಳಗಡೆ ‘ನೀರಿನ ಟ್ಯಾಂಕರ್ ಹತ್ತಕ್ಕೆ ಬರುತ್ತೆ, ಸಂಪಿನ ಮುಚ್ಚಳ ತೆಗೆದಿಡಿ’ ಎಂಬ ಪ್ರಕಟಣೆ. ನಲವತ್ತು ಸೆಕೆಂಡಿನಲ್ಲಿ ಮೊದಲ ಹೆಬ್ಬೆರಳು ಬಿತ್ತು. ಅದು ಲೇಖನಕ್ಕೋ ಟ್ಯಾಂಕರಿಗೋ ಎಂಬ ಬಗ್ಗೆ ಇಂದಿಗೂ ಪಾಠಾಂತರಗಳಿವೆ. ಫೇಸ್‌ಬುಕ್ಕಿನಲ್ಲಿ ‘ಅದ್ಭುತ ಸರ್’ ಎಂದು ಒಬ್ಬರು, ‘ಹೃದಯಸ್ಪರ್ಶಿ’ ಎಂದು ಇನ್ನೊಬ್ಬರು ಬರೆದರು. ಮೂರನೆಯವರು ‘ಹುಟ್ಟುಹಬ್ಬದ ಶುಭಾಶಯಗಳು’ ಎಂದರು. ನಾಲ್ಕನೆಯವರದು ನೇರ ಪ್ರಶ್ನೆ: ‘ಸರ್, ಕಾಚಿಗುಡ ಗಾಡಿಗೆ ವೇಟಿಂಗ್ ಲಿಸ್ಟ್ 14 ಇದೆ, ಕನ್ಫರ್ಮ್ ಆಗುತ್ತಾ?’

ಸಂಜೆಗೆ ಲೈಕುಗಳು 112. ಲಿಂಕ್ ತೆರೆದವರು 3.

ಇಲ್ಲಿ ಅರ್ಥಾಪತ್ತಿ ಪ್ರಮಾಣ ಬೇಕಾಗುತ್ತದೆ. ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ. ಹಾಗಾದರೆ ರಾತ್ರಿ ಉಣ್ಣುತ್ತಾನೆ ಎಂದು ಹಿರಿಯರು ಕಂಡುಕೊಂಡರು. ಅದೇ ದಾರಿಯಲ್ಲಿ ಹೋದರೆ: ಲೇಖನ 112 ಮಂದಿಗೆ ಮೆಚ್ಚುಗೆಯಾಗಿದೆ, ತೆರೆದವರು ಮೂವರೇ, ಹಾಗಾದರೆ ಕನಿಷ್ಠ 109 ಮಂದಿ ಓದದೆಯೇ ಮೆಚ್ಚುವ ಸಿದ್ಧಿ ಪಡೆದವರು. ಅಥವಾ ಅವರು ಮೆಚ್ಚಿದ್ದು ಲೇಖನವನ್ನಲ್ಲ, ದೇವದತ್ತನನ್ನು. ಎರಡರಲ್ಲಿ ಯಾವುದು?

ಇದು ದೇವದತ್ತನ ಒಬ್ಬನ ಪಾಡಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದವರೂ ಫ್ರಾನ್ಸಿನ ಸಂಶೋಧಕರೂ ಸೇರಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಟ್ವಿಟರಿನಲ್ಲಿ ಹಂಚಿಕೆಯಾದ ಲಿಂಕುಗಳಲ್ಲಿ ಶೇ. 59ರಷ್ಟನ್ನು ಯಾರೂ ಒತ್ತಿಯೇ ಇರಲಿಲ್ಲ. ಅಮೆರಿಕದ ಎನ್‌ಪಿಆರ್ ರೇಡಿಯೋ ಸಂಸ್ಥೆ 2014ರ ಏಪ್ರಿಲ್ 1ರಂದು ‘ಅಮೆರಿಕ ಈಗ ಯಾಕೆ ಓದುತ್ತಿಲ್ಲ?’ ಎಂಬ ಅರ್ಥದ ತಲೆಬರಹವನ್ನು ಫೇಸ್‌ಬುಕ್ಕಿನಲ್ಲಿ ಹಾಕಿತು. ತೆರೆದು ನೋಡಿದವರಿಗೆ ಸಿಕ್ಕಿದ್ದು ಲೇಖನವಲ್ಲ, ‘ಇದು ಏಪ್ರಿಲ್ ಫೂಲ್, ತಲೆಬರಹ ಮಾತ್ರ ಓದಿ ಜಗಳಕ್ಕೆ ನಿಲ್ಲುವವರನ್ನು ನೋಡೋಣ’ ಎಂಬ ಸೂಚನೆ. ತೆರೆಯದವರು, ಅಮೆರಿಕ ಓದುತ್ತಿದೆ ಎಂದು ಅಲ್ಲೇ ಕೆಳಗೆ ಸಿಟ್ಟಿನಿಂದ ವಾದಿಸಿದರು. 2020ರಲ್ಲಿ ಟ್ವಿಟರೇ ಸೋತು, ತೆರೆಯದ ಲೇಖನವನ್ನು ಹಂಚಹೊರಟವರಿಗೆ ‘ಮೊದಲು ಓದುತ್ತೀರಾ?’ ಎಂದು ಕೇಳುವ ಪ್ರಯೋಗಕ್ಕಿಳಿಯಿತು. ಸೊಸೆಗೆ ಅತ್ತೆ ಕೇಳುವ ದನಿಯಲ್ಲೇ ಅದು ಕೇಳಿತು.

ಪೂರ್ವಪಕ್ಷ

ಪ್ರಚಾರಪಂಡಿತರು ಇಲ್ಲಿ ಎದ್ದುನಿಂತು ದೋಷ ಲೇಖನದ್ದಲ್ಲ, ಹಂಚಿಕೆಯದ್ದು ಎನ್ನುತ್ತಾರೆ. ದೇವದತ್ತ ಅವರ ವಿಡಿಯೋಗಳನ್ನು ನೋಡಿ, ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ. ಕವಿರಾಜಮಾರ್ಗಕಾರ ಕಾವ್ಯದೋಷಗಳನ್ನು ಎಣಿಸಿದಂತೆ ಇಲ್ಲಿ ಹಂಚಿಕೆಯ ದೋಷಗಳನ್ನು ಎಣಿಸಬಹುದು.

ಮೊದಲನೆಯದು ಬಲಾದ್ಬಂಧನ, ಅಂದರೆ ಟ್ಯಾಗ್. ದೇವದತ್ತ ನಿಲ್ದಾಣದ ಫೋಟೋಕ್ಕೆ ನಲವತ್ತು ಮಂದಿಯನ್ನು ಕಟ್ಟಿಹಾಕಿದ. ಹನ್ನೆರಡು ಮಂದಿ ಬಿಡಿಸಿಕೊಂಡು ಓಡಿದರು. ಸೋದರಮಾವ ಫೋನ್ ಮಾಡಿ, ‘ಏನಪ್ಪಾ, ನನ್ನ ಹೆಸರಲ್ಲಿ ರೈಲಿನ ಫೋಟೋ ಬಂದಿದೆ, ಏನಾದ್ರೂ ಅಪಘಾತವಾ?’ ಎಂದು ವಿಚಾರಿಸಿದರು.

ಎರಡನೆಯದು ಸಂಕರ. ಹ್ಯಾಷ್‌ಟ್ಯಾಗನ್ನು ಕ್ರಿಸ್ ಮೆಸಿನಾ ಎಂಬಾತ 2007ರ ಆಗಸ್ಟಿನಲ್ಲಿ ಸೂಚಿಸಿದ್ದು ಒಂದೇ ವಿಷಯದ ಮಾತುಗಳನ್ನು ಒಂದೆಡೆ ಕಟ್ಟಲಿಕ್ಕೆ. ದೇವದತ್ತ ಹದಿನೇಳನ್ನು ಹಾಕಿದ: ಕನ್ನಡಲವ್, ಹೈದರಾಬಾದ್‌ಡೈರೀಸ್, ಬಿರಿಯಾನಿ. ಲೇಖನದಲ್ಲಿ ಬಿರಿಯಾನಿ ಇರಲಿಲ್ಲ. ಕನ್ನಡಕ್ಕೆ ಸಲ್ಲದ ಸಂಸ್ಕೃತ ಸಮಾಸವನ್ನು ಬೆಸೆಯುವುದು ಕುದಿವ ಹಾಲಿಗೆ ಮಜ್ಜಿಗೆಯ ಹನಿ ಬಿಟ್ಟಂತೆ ಎಂದು ಕವಿರಾಜಮಾರ್ಗ ಎಚ್ಚರಿಸಿ ಸಾವಿರದ ನೂರು ವರ್ಷ ದಾಟಿದೆ. ಹಾಲು ಒಡೆಯಿತು, ಬಿರಿಯಾನಿ ಹುಡುಕಿ ಬಂದವರು ರೈಲು ಕಂಡು ವಾಪಸಾದರು.

ಮೂರನೆಯದು ಪುನರುಕ್ತಿ. ಒಂದೇ ಲಿಂಕ್ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಊಟದ ನಂತರದ ಮಾತ್ರೆಯಂತೆ. ಮೂರನೆಯ ದಿನ ಯೋಗದ ಬಳಗದ ಅಡ್ಮಿನ್, ‘ದಯವಿಟ್ಟು ಬಳಗದ ಉದ್ದೇಶಕ್ಕೆ ಸಂಬಂಧಿಸಿದ್ದನ್ನು ಮಾತ್ರ ಹಾಕಿ’ ಎಂದು ಯಾರ ಹೆಸರನ್ನೂ ಎತ್ತದೆ ಎಲ್ಲರಿಗೂ ಗೊತ್ತಾಗುವಂತೆ ಬರೆದರು.

ನಾಲ್ಕನೆಯದು ನಿಗೂಹನ. ಲಿಂಕ್ ಇರುವ ಬರಹವನ್ನು ಫೇಸ್‌ಬುಕ್ ಹೆಚ್ಚು ಜನಕ್ಕೆ ತೋರಿಸುವುದಿಲ್ಲ ಎಂದು ನಂಬಿ ‘ಲಿಂಕ್ ಮೊದಲ ಕಮೆಂಟಿನಲ್ಲಿದೆ’ ಎಂದು ಬಚ್ಚಿಡುವುದು. 2018ರ ಜನವರಿಯಲ್ಲಿ ಫೇಸ್‌ಬುಕ್, ಇನ್ನು ಮುಂದೆ ಬಂಧುಮಿತ್ರರ ಮಾತಿಗೆ ಮೊದಲ ಮಣೆ, ಪುಟಗಳ ಪ್ರಕಟಣೆಗೆ ನಂತರ, ಎಂದು ಸಾರಿದ್ದು ನಿಜ. ಆದರೆ ಬಚ್ಚಿಟ್ಟದ್ದನ್ನು ಹುಡುಕಿ ಓದುವ ಹಟ ಓದುಗರಿಗಿದ್ದಿದ್ದರೆ ಈ ಪ್ರಬಂಧವೇ ಬೇಕಿರಲಿಲ್ಲ.

ಐದನೆಯದು ಅತಿಪ್ರಸಾರ, ಅಂದರೆ ಫಾರ್ವರ್ಡ್. ಇದಕ್ಕೆ ಇತಿಹಾಸವಿದೆ. ನಿಜಾಮ್ ಸರಕಾರದ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯ ಪ್ರಕಾರ ಈ ಸಂಸ್ಥಾನದಲ್ಲಿ ಸಾರ್ವಜನಿಕ ಸಭೆ ಸೇರಿಸಲು ಮುಂಚಿತ ಅನುಮತಿ ಬೇಕಿತ್ತು. ವಾಟ್ಸ್ಆ್ಯಪ್ ಅನುಮತಿ ಕೇಳುವುದಿಲ್ಲ, ಎಣಿಸುತ್ತದೆ. ವದಂತಿಗಳಿಂದ ಜನ ಸತ್ತ ಮೇಲೆ, 2018ರಲ್ಲಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದು ಎಂದಿತು. 2020ರ ಏಪ್ರಿಲಿನಲ್ಲಿ, ಹಲವು ಕೈ ದಾಟಿ ಬಂದದ್ದನ್ನು ಒಮ್ಮೆಗೆ ಒಂದೇ ಕಡೆಗೆ ಎಂದಿತು. ಅಂಥ ಸಂದೇಶಕ್ಕೆ ಎರಡು ಬಾಣಗಳ ಗುರುತು ಬೀಳುತ್ತದೆ. ದೇವದತ್ತನಿಗೆ ಜೀವನದಲ್ಲಿದ್ದ ಒಂದೇ ಆಸೆ ತನ್ನ ಲೇಖನಕ್ಕೂ ಆ ಜೋಡಿಬಾಣ ಬೀಳಲಿ ಎಂಬುದು. ಅದು ಬಿದ್ದದ್ದು ಅವನೇ ದಾಟಿಸಿದ, ಮಧುಮೇಹಕ್ಕೆ ಬೆಂಡೆಕಾಯಿ ನೀರು ಎಂಬ ಸಂದೇಶಕ್ಕೆ.

ಸಿದ್ಧಾಂತ

ಈಗ ಮತ್ತೆ ಕೋಟೆಗೆ. ಗೋಲ್ಕೊಂಡದ ಗೈಡುಗಳು ಹೇಳಿಕೊಡುವ ಮೊದಲ ಪಾಠವನ್ನು ಪ್ರಚಾರಪಂಡಿತರು ಕೇಳಿಸಿಕೊಂಡಿಲ್ಲ: ಚಪ್ಪಾಳೆ ಕೇಳಬೇಕಾದರೆ ನಿಲ್ಲಬೇಕಾದ ಜಾಗ ಒಂದಿದೆ. ಗುಮ್ಮಟದ ನೆರಳಿನಿಂದ ನಾಲ್ಕು ಹೆಜ್ಜೆ ಆಚೆ ನಿಂತು ಅಂಗೈ ಕೆಂಪಾಗುವಂತೆ ತಟ್ಟಿದರೂ ಪಕ್ಕದ ಪಾರಿವಾಳ ಹಾರಬಹುದು, ಅಷ್ಟೆ. ಹನ್ನೊಂದು ಬಳಗಗಳಲ್ಲಿ ದೇವದತ್ತನ ಗುಮ್ಮಟ ಇದ್ದದ್ದು ಒಂದೇ, ನಿಜಾಮ್ ರೈಲ್ವೆಯ ಹಳೆಯ ಟಿಕೆಟ್, ವೇಳಾಪಟ್ಟಿ ಕೂಡಿಡುವ ಇಪ್ಪತ್ತಮೂರು ಮಂದಿಯ ಬಳಗ. ಸದಸ್ಯರು ಕಡಿಮೆ ಎಂದು ಅವನು ಅಲ್ಲಿಗೆ ಕೊನೆಯಲ್ಲಿ ಕಳಿಸಿದ್ದ.

ಎರಡನೆಯ ಪಾಠವನ್ನು ಈ ಊರಿನ ಮುಷಾಯಿರಾಗಳಿಂದ, ಅಂದರೆ ಉರ್ದು ಕವಿಗೋಷ್ಠಿಗಳಿಂದ, ಕಲಿಯಬೇಕು. ಊರು ಕಟ್ಟಿದ ಮೊಹಮ್ಮದ್ ಕುಲಿ ಕುತುಬ್ ಶಾ ಸ್ವತಃ ದಖನಿ ಕವಿ. ಆರನೆಯ ನಿಜಾಮನಿಗೆ ಕಾವ್ಯದ ಉಸ್ತಾದನಾಗಿದ್ದ ದಾಗ್ ದೆಹಲ್ವಿ 1905ರಲ್ಲಿ ತೀರಿಕೊಂಡದ್ದು ಇಲ್ಲೇ. ಮುಷಾಯಿರಾದಲ್ಲಿ ‘ವಾಹ್’ ಎಂದರೆ ಲೈಕ್, ‘ಮುಕರ್ರರ್’ ಎಂದರೆ ಇನ್ನೊಮ್ಮೆ ಹೇಳಿ, ಅಂದರೆ ಶೇರ್. ವ್ಯತ್ಯಾಸ ಇಷ್ಟೇ: ಮುಕರ್ರರ್ ಎನ್ನುವವನು ಸಾಲನ್ನು ಕೇಳಿರುತ್ತಾನೆ. ಕವಿ ಬಾಗಿಲಲ್ಲಿ ನಿಂತು ‘ಶೇರ್ (ದ್ವಿಪದಿ) ಮೊದಲ ಕಮೆಂಟಿನಲ್ಲಿದೆ’ ಎನ್ನುವುದಿಲ್ಲ. ಮೊದಲ ಸಾಲನ್ನೇ ಸಭೆಯ ಮಡಿಲಿಗೆ ಹಾಕುತ್ತಾನೆ, ಎರಡನೆಯದಕ್ಕೆ ಕಾಯಿಸುತ್ತಾನೆ.

ಇದರಿಂದ ಹುಟ್ಟುವ ಪ್ರಯೋಗ ಸರಳ. ‘ಬಿಡುವಾದಾಗ ಓದಿ’ ಎಂಬ ಒಕ್ಕಣೆ ತೆಗೆದು, ಲೇಖನದ ಅತ್ಯುತ್ತಮ ನಾಲ್ಕು ಸಾಲುಗಳನ್ನು ಅಲ್ಲೇ ಹಾಕುವುದು. ನಲವತ್ತು ಮಂದಿಯನ್ನು ಕಟ್ಟುವ ಬದಲು, ವಿಷಯ ಬಲ್ಲ ನಾಲ್ವರಿಗೆ ಅವರವರ ಹೆಸರು ಹಿಡಿದು ಬೇರೆಬೇರೆ ಬರೆಯುವುದು. ಬೇರೆಯವರ ಬರಹವನ್ನು ಮೊದಲು ಓದಿ, ಓದಿದ್ದು ಗೊತ್ತಾಗುವಂತೆ ಒಂದು ಮಾತು ಹೇಳುವುದು. ಇಷ್ಟನ್ನು ಮಾಡಿದರೂ ಚಪ್ಪಾಳೆ ಮೇಲಕ್ಕೆ ಮುಟ್ಟಿಸುವುದು ಯಾರೋ ಬಂದಿದ್ದಾರೆ ಎಂಬ ಸುದ್ದಿಯನ್ನಷ್ಟೇ. ಬಂದವರು ಗೈಡುಗಳು 360 ಎಂದು ಹೇಳುವ ಮೆಟ್ಟಿಲುಗಳನ್ನು ಕಾಲಲ್ಲೇ ಹತ್ತಬೇಕು. ಅರ್ಧದಲ್ಲಿ ಏದುಸಿರು ಬಿಟ್ಟು ಕೂರುವವರು ಅಲ್ಲೂ ಬಹಳ.

ನಿರ್ಣಯ

ಉಳಿದದ್ದು ಆ ಮೂರರ ಲೆಕ್ಕ. ಲಿಂಕ್ ತೆರೆದವರಲ್ಲಿ ಒಬ್ಬ ಸ್ವತಃ ದೇವದತ್ತ, ಆಫೀಸಿನ ಕಂಪ್ಯೂಟರಿನಿಂದ. ಇನ್ನೊಬ್ಬರು ಅವನ ಹೆಂಡತಿ. ‘ರೀ, ಕುಕ್ಕರ್ ಮೂರು ಸೀಟಿ ಆಗಲಿ, ಓದ್ತೀನಿ’ ಎಂದು ಮಾತು ಕೊಟ್ಟು, ತೆರೆದು, ಎರಡನೆಯ ಸೀಟಿಗೆ ಎದ್ದು ಹೋದವರು. ಮೂರನೆಯವರು ಇಪ್ಪತ್ತಮೂರು ಮಂದಿಯ ಬಳಗದ ಹಿರಿಯರೊಬ್ಬರು, ನಿವೃತ್ತ ಸ್ಟೇಷನ್ ಮಾಸ್ತರರು. ನಾಲ್ಕನೆಯ ದಿನ ಅವರಿಂದ ಒಂದು ಸಂದೇಶ ಬಂತು:

‘ನಿಮ್ಮ ಲೇಖನದ ಮೂರನೇ ಪ್ಯಾರಾದಾಗ ನಿಲ್ದಾಣ ಕಟ್ಟಿದ್ದು 1961 ಅಂತದ. ಅದು 1916 ಇರಬೇಕು ನೋಡ್ರಿ. 1961ಕ್ಕ ನಿಜಾಮರ ಆಳಿಕೆ ಎಲ್ಲಿತ್ತು?’

ಉಸ್ಮಾನ್ ಅಲಿ ಖಾನನನ್ನು ಸ್ವತಂತ್ರ ಭಾರತದ ಹದಿನಾಲ್ಕನೆಯ ವರ್ಷದಲ್ಲಿ ರೈಲು ನಿಲ್ದಾಣ ಕಟ್ಟಲು ಕೂರಿಸಿದ್ದ ಆ ತಪ್ಪು 112 ಮೆಚ್ಚುಗೆಗಳ ಕೆಳಗೆ ನಾಲ್ಕು ದಿನ ನೆಮ್ಮದಿಯಿಂದ ಮಲಗಿತ್ತು. ದೇವದತ್ತ ಅಂಕಿ ತಿದ್ದಿದ, ಹಿರಿಯರಿಗೆ ಕೃತಜ್ಞತೆ ಬರೆದ, ಮುಂದಿನ ಲೇಖನದ ಕರಡನ್ನು ಮೊದಲು ಅವರಿಗೇ ಕಳಿಸಿದ. ಅವರು ಅದರಲ್ಲಿ ಇನ್ನೂ ನಾಲ್ಕು ತಪ್ಪು ಹುಡುಕಿದ್ದಾರೆ.

ಲೈಕ್ ಮಾತ್ರ ಇದುವರೆಗೆ ಒತ್ತಿಲ್ಲ.