ಜಾಗ್ರತೆ ಭಾವ

ಪೊಸಡಿಗುಂಪೆ ಗುಡ್ಡ ಹತ್ತುವವರ ಬೆನ್ನಿಗೆ ಒಂದು ಚೀಲ ಇರುವುದು ರೂಢಿ. ನಮ್ಮ ಭಾವ ಹತ್ತುವಾಗ ಅದು ಎದೆಯ ಮೇಲಿರುತ್ತದೆ, ಎರಡೂ ಕೈ ಅದರ ಸುತ್ತ. ದೂರದಿಂದ ಕಂಡವರಿಗೆ ಯಾರೋ ಹಸುಗೂಸನ್ನು ಅಪ್ಪಿಕೊಂಡು ಹರಕೆ ತೀರಿಸಲು ಹೊರಟ ಹಾಗೆ. ನಾನು ಜೊತೆಗೆ ಹೋದ ದಿನ ಗುಡ್ಡದಲ್ಲಿದ್ದದ್ದು ಮುಳಿಹುಲ್ಲು, ಗಾಳಿ, ಮತ್ತೆ ಎರಡು ದನ. "ಇಲ್ಲಿ ಯಾರು ಭಾವ ಕದಿಯುವುದು?" ಎಂದೆ. "ಆರೂ ಇಲ್ಲೆ ಹೇಳುವಲ್ಲೇ ಜಾಗ್ರತೆ ಬೇಕಪ್ಪದು" ಎಂದು ದನಗಳ ಕಡೆ ಓರೆಗಣ್ಣು ಬೀರಿದರು.

ಕುಂಬಳೆಯಿಂದ ಮುಳ್ಳೇರಿಯದವರೆಗೆ ಊರಿಗೊಬ್ಬರು ಜಾಗ್ರತೆ ಭಾವ ಇದ್ದೇ ಇರುತ್ತಾರೆ. ಕುಂಬಳೆಯಲ್ಲಿ ರೈಲು ಹತ್ತಿ ಮಂಗಳೂರಿನಲ್ಲಿ ಇಳಿಯುವ ಪುಟ್ಟ ಪ್ರಯಾಣಕ್ಕೂ ಚೀಲವನ್ನು ಸೀಟಿನ ಕಾಲಿಗೆ ಸರಪಳಿಯಲ್ಲಿ ಬಿಗಿಯುವವರು ಇವರೇ. ಬೀಗದ ಕೀಲಿಕೈ ಜನಿವಾರದಲ್ಲಿ. ಅಂಗಿ ಬಿಚ್ಚದೆ ಅದು ಕೈಗೆ ಸಿಗುವುದಿಲ್ಲ. ತುಂಬಿದ ಬೋಗಿಯಲ್ಲಿ ಅಂಗಿ ಬಿಚ್ಚಲು ಸಂಕೋಚ. ಹಾಗಾಗಿ ಎಲ್ಲರೂ ಇಳಿದು, ಬೋಗಿ ಗುಡಿಸುವವರು ಬಂದ ಮೇಲೆಯೇ ಭಾವ ಇಳಿಯುವುದು.

ಇದನ್ನು ಭಯ ಎಂದರೆ ತಪ್ಪಾದೀತು. ಇದು ಅಡಿಕೆ ಕಲಿಸಿದ ವಿದ್ಯೆ. ಅಡಿಕೆ ಒಣಗಿ ಚಾಲಿ ಆಗಬೇಕಾದರೆ ಹೆಚ್ಚುಕಡಿಮೆ 40 ದಿನ ಅಂಗಳದ ಬಿಸಿಲಲ್ಲಿ ಬಿದ್ದಿರಬೇಕು. ಇಡೀ ವರ್ಷದ ಆದಾಯ ಆಕಾಶದ ಕೆಳಗೆ ಹರಡಿಕೊಂಡಿರುವಾಗ ಯಾವ ಯಜಮಾನನಿಗೆ ನಿದ್ದೆ ಬಂದೀತು? ಭಾವನ ಅಪ್ಪ ಜಗಲಿಯಲ್ಲಿ ಟಾರ್ಚು ಹಿಡಿದು ಮಲಗಿದವರು, ಅಜ್ಜ ಲಾಟೀನು ಹಿಡಿದು. ತಮಾಷೆಯೆಂದರೆ ಮನೆಯ ಬೀಗದಕೈ ಮಾತ್ರ ಮಾಡಿನ ಪಕಾಸಿನ ಸಂದಿಯಲ್ಲಿರುತ್ತದೆ. ಕರೆಂಟಿನ ಮೀಟರು ನೋಡುವವರಿಗೂ ಅದು ಗೊತ್ತು.

ಇನ್ನೊಂದು ಬೀಗ ನಾಲಗೆಯದ್ದು. ಕಾಸರಗೋಡು ಸಪ್ತಭಾಷೆಗಳ ನಾಡು ಎಂದು ಉಳಿದವರು ಭಾಷಣದಲ್ಲಿ ಹೆಮ್ಮೆಪಟ್ಟುಕೊಂಡರೆ, ಭಾವನಿಗೆ ಅದು ನಂಬರು ಲಾಕು. ಮಲಯಾಳಿಗಳ ಎದುರು ದುಡ್ಡಿನ ಮಾತು ತುಳುವಿನಲ್ಲಿ, ತುಳುವರ ಎದುರು ಹವ್ಯಕದಲ್ಲಿ, ಹವ್ಯಕರೇ ಎದುರಿದ್ದರೆ ಕೈಸನ್ನೆಯಲ್ಲಿ.

ಇಂಥವರನ್ನು ಜ್ಯೂರಿಚ್‌ನಲ್ಲಿರುವ ಮಗಳು ಕರೆದಳು, ಆಲ್ಪ್ಸ್‌ನಲ್ಲಿ ನಾಲ್ಕು ದಿನ ನಡೆಯೋಣ ಅಪ್ಪಾ ಎಂದು. ಜೊತೆಗೆ ನಾನು. ಬೆನ್ನುಚೀಲ ಕೊಳ್ಳಲು ಮಂಗಳೂರಿಗೆ ಹೋದೆವು. ಅಂಗಡಿಯ ಹುಡುಗ "40 ಲೀಟರ್ ಸಾಕು ಸರ್" ಎಂದಾಗ ಭಾವ, ಸುಲಿದ ಅಡಿಕೆ ಎಷ್ಟು ಕಿಲೋ ಹಿಡಿದೀತು ಎಂದು ಕೇಳಿದರು. ಲೀಟರಿನಲ್ಲಿ ಅಳೆಯುವುದಕ್ಕೆ ಅದೇನು ಹಾಲೇ?

ಚೀಲ ಹೊಳೆಯುತ್ತಿತ್ತು. ಹೊಳೆಯುವುದು ಕಳ್ಳನಿಗೆ ಆಮಂತ್ರಣವಂತೆ. ದೇಶ ಸುತ್ತುವ ಅನುಭವಿಗಳೂ ದುಬಾರಿ ಚೀಲವನ್ನು ಬೇಕೆಂದೇ ಕೊಳಕು ಮಾಡಿಕೊಳ್ಳುವುದುಂಟು, ಮಳೆಹೊದಿಕೆ ಹಾಕಿ ಜಿಪ್ಪು ಮರೆಮಾಡುವುದೂ ಉಂಟು. ಭಾವ ಅದನ್ನೆಲ್ಲ ಓದಿದವರಲ್ಲ. ಆದರೂ ಕೊಟ್ಟಿಗೆಯಿಂದ ಫ್ಯಾಕ್ಟಂಫೋಸ್ ಗೊಬ್ಬರದ ಖಾಲಿ ಗೋಣಿ ತಂದು ಹೊಸ ಚೀಲಕ್ಕೆ ಹೊದಿಸಿ, ದಬ್ಬಣದಲ್ಲಿ ಪ್ಲಾಸ್ಟಿಕ್ ಹುರಿ ಪೋಣಿಸಿ, ಕ್ಯಾಂಪ್ಕೋಗೆ ಅಡಿಕೆ ಕೊಂಡುಹೋಗುವ ಚೀಲದ ಬಾಯಿ ಹೊಲಿದಂತೆಯೇ ಹೊಲಿದರು. ಪಕ್ಕದ ಮನೆಯ ಮಮ್ಮದೆಯವರು ಗಲ್ಫಿನಿಂದ ತರುತ್ತಿದ್ದ ರಟ್ಟಿನ ಪೆಟ್ಟಿಗೆಗಳ ನೆನಪಾಗಿ, ಆರೂ ಬದಿಗೆ ಕಪ್ಪು ಪೇಂಟಿನಲ್ಲಿ ಮನೆಯ ಹೆಸರು, ಅಂಚೆ ಕಚೇರಿ, ಪಿನ್‌ಕೋಡ್ ಬರೆದರು.

ಪಾಸ್‌ಪೋರ್ಟು ಬನಿಯನ್ನಿನೊಳಗೆ ಹೊಲಿದ ಕಿಸೆಯಲ್ಲಿ, ಅದರ ನಕಲುಗಳು ನಾಲ್ಕು ಕಡೆ, ಯೂರೋ ಕಾಲುಚೀಲದಲ್ಲಿ, ಫ್ರಾಂಕು ಹಿಂಗಿನ ಡಬ್ಬಿಯಲ್ಲಿ. ಮುಂದೆ ಸ್ವಿಟ್ಜರ್ಲೆಂಡಿನ ಎಷ್ಟೋ ಅಂಗಡಿಯವರು ನೋಟು ಮೂಸಿ ನೋಡಿದ್ದು ಇದರಿಂದ.

ಇಡೀ ಪ್ರಯಾಣದಲ್ಲಿ ಭಾವ ಕಳೆದುಕೊಂಡದ್ದು ಒಂದೇ ವಸ್ತು, ಅದೂ ಹೊರಡುವ ವಿಮಾನ ನಿಲ್ದಾಣದಲ್ಲಿ. ಒಣಕೊಬ್ಬರಿಯ ಎಣ್ಣೆ ಬಿಸಿಗೆ ತಾನಾಗಿ ಹೊತ್ತಿಕೊಂಡೀತೆಂದು 2022ರಿಂದ ಕೊಬ್ಬರಿಯನ್ನು ಚೆಕ್‌ಇನ್ ಸಾಮಾನಿನಲ್ಲಿ ಬಿಡುವುದಿಲ್ಲ. ಮಗಳಿಗೆಂದು ಕಟ್ಟಿದ್ದ ಆರು ಗಿಟುಕು ಹೊರಗೆ ಬಂದವು. "ಹೊತ್ತುವುದಾದರೆ ನಮ್ಮ ಅಟ್ಟ ಅಜ್ಜನ ಕಾಲದಲ್ಲೇ ಬೂದಿಯಾಗಬೇಕಿತ್ತಲ್ಲ ಮಾರಾಯರೇ" ಎಂದು ವಾದಿಸಿದರು. ನಂತರ ಜನಿವಾರದ ಕೀಲಿಕೈ ಲೋಹಶೋಧಕ ಬಾಗಿಲನ್ನು ಕಿಣಿಕಿಣಿ ಎನಿಸಿತು. ಆ ಕಥೆ ಬೇಡ.

ಜ್ಯೂರಿಚ್ ರೈಲು ನಿಲ್ದಾಣದಲ್ಲಿ ಚೀಲದ ಪಟ್ಟಿಯೊಳಗೆ ಕಾಲು ತೂರಿಸಿ ಕುಳಿತಿದ್ದೆವು (ಇದು ಒಳ್ಳೆಯ ಕ್ರಮ, ನಾನೂ ಕಲಿತೆ). ಗಡ್ಡದ ಹುಡುಗನೊಬ್ಬ ಬಂದು ಗೋಣಿಯನ್ನು ಸವರಿ, ಇದು ಯಾವ ಕಂಪನಿಯದ್ದು, ಎಲ್ಲಿ ಸಿಗುತ್ತದೆ ಎಂದು ಕೇಳಿದ. ಆ ಊರಿನಲ್ಲಿ ಫ್ರೈಟಾಗ್ ಎಂಬ ಅಣ್ಣತಮ್ಮಂದಿರು 1993ರಲ್ಲಿ ಹಳೆಯ ಲಾರಿ ಟರ್ಪಾಲು ಕತ್ತರಿಸಿ ಚೀಲ ಹೊಲಿಯತೊಡಗಿದರು, ಈಗ ಅವು ಕೈಸುಡುವ ಬೆಲೆಯ ಶೋಕಿ ಸಾಮಾನು. ಹರಕು ಕಂಡಷ್ಟೂ ಘನತೆ. ನಮ್ಮ ಪಿನ್‌ಕೋಡು ಅವನ ಕಣ್ಣಿಗೆ ಕಲೆಯಾಗಿ ಕಂಡಿರಬೇಕು.

ಭಾವನ ಮುಖ ಬಿಳಿಚಿತು. ಕಳ್ಳರಿಂದ ಕಾಪಾಡಲು ಹೊದಿಸಿದ ಗೋಣಿಗೇ ಈಗ ಕಳ್ಳರು! ಆ ರಾತ್ರಿ ಗೋಣಿಯನ್ನು ಬಿಚ್ಚಿ ಚೀಲದ ಒಳಗಿಟ್ಟು ಬೀಗ ಹಾಕಿದರು.

ಮ್ಯೂರೆನ್‌ನಿಂದ ಗಿಮ್ಮೆಲ್‌ವಾಲ್ಡ್‌ಗೆ ಇಳಿಯುವ ದಾರಿ ಚಂದ. ಎದುರಿಗೆ ಹಿಮದ ಗೋಡೆ, ಹಸುಗಳ ಕೊರಳಲ್ಲಿ ಚೆಂಬಿನಷ್ಟು ದೊಡ್ಡ ಗಂಟೆ. ನಾನು ನೋಡಿದೆ. ಭಾವ ಹಿಂದೆ ಯಾರು ಬರುತ್ತಿದ್ದಾರೆ ಎಂಬುದನ್ನು ನೋಡಿದರು. ಗಿಮ್ಮೆಲ್‌ವಾಲ್ಡ್‌ನಲ್ಲಿ ಒಂದು ಅಂಗಡಿಯುಂಟು, ಅಂಗಡಿಯವರಿಲ್ಲ. ಬಾಗಿಲು ತೆರೆದಿರುತ್ತದೆ, ಬೇಕಾದ್ದನ್ನು ತೆಗೆದುಕೊಂಡು ಬೆಲೆಯನ್ನು ನಾವೇ ಹಾಕಿ ಬರಬೇಕು. ಭಾವ ಚೀಸು ನೋಡಿದರು, ದುಡ್ಡು ಹಾಕುವ ಜಾಗ ನೋಡಿದರು, ನಿರ್ಜನ ಬೀದಿ ನೋಡಿದರು.

ನಾನು ಮಗಳೊಡನೆ ಊರಿನ ತುದಿಯವರೆಗೆ ಹೋಗಿ, ಮುಕ್ಕಾಲು ಗಂಟೆ ಬಿಟ್ಟು ತಿರುಗಿ ಬಂದೆ. ಭಾವನ ಚೀಲ ಬೀದಿ ಬದಿಯ ಬೆಂಚಿನ ಮೇಲೆ ಸರಪಳಿಯಿಲ್ಲದೆ, ಅನಾಥವಾಗಿ ಬಿದ್ದಿತ್ತು. ಭಾವ ಮಾತ್ರ ಅಂಗಡಿಯ ಬಾಗಿಲಿಗೆ ಅಡ್ಡವಾಗಿ, ಊರುಗೋಲು ಹಿಡಿದು ನಿಂತಿದ್ದರು.

"ಎಂತ ಭಾವ ಇದು?"

"ಮನೆಯವು ಎಲ್ಲಿಗೋ ಹೋಯಿದವು," ಎಂದರು ಪಿಸುದನಿಯಲ್ಲಿ. "ಆರಾರು ಒಬ್ಬ ಇಲ್ಲಿ ಇರೆಡದೋ?"