ದಯೆ ಬೇಕಾದವರು ಅರ್ಹತಾ ಪತ್ರ ಲಗತ್ತಿಸಿ

ಅಪಾತ್ರದಾನ ಆಗದಂತೆ ನೋಡಿಕೊಳ್ಳುವುದರಲ್ಲಿ ನಮ್ಮ ಮಧ್ಯಮವರ್ಗವನ್ನು ಮೀರಿಸಿದವರಿಲ್ಲ. ಸಿಗ್ನಲ್ಲಿನಲ್ಲಿ ಮುದುಕಿಯೊಬ್ಬಳು ಕಾರಿನ ಗಾಜು ತಟ್ಟಿದರೆ ಸಾಕು, ಒಳಗೆ ಕೂತವರು ಪತ್ತೇದಾರರಾಗಿಬಿಡುತ್ತಾರೆ. ಇವರ ಹಿಂದೆ ದೊಡ್ಡ ಮಾಫಿಯಾನೇ ಇದೆಯಂತೆ. ಇವಳಿಗೆ ಊರಲ್ಲಿ ಎರಡು ಮನೆ ಇದ್ದು ಬಾಡಿಗೆ ಬರುತ್ತಂತೆ. ಹತ್ತು ರೂಪಾಯಿ ಕೊಟ್ಟರೆ ಸೀದಾ ಎಣ್ಣೆ ಅಂಗಡಿಗೇ ಹೋಗುವುದಂತೆ. ತನಿಖೆ ಮುಗಿಯುವಷ್ಟರಲ್ಲಿ ಹಸಿರು ದೀಪ ಬೀಳುತ್ತದೆ. ಹತ್ತು ರೂಪಾಯಿಯೂ ಉಳಿಯಿತು, ಸಮಾಜವೂ ಉಳಿಯಿತು. ಅದೇ ಕಾರು ಮಾಲ್ ಹೊಕ್ಕು ಪಾರ್ಕಿಂಗಿಗೆ ನೂರು ರೂಪಾಯಿ ತೆರುವಾಗ ಮಾತ್ರ, ಈ ಮಾಲೀಕನಿಗೆ ಎಷ್ಟು ಮನೆ ಇವೆಯೋ, ಇವನು ಸಂಜೆ ಏನು ಕುಡಿಯುತ್ತಾನೋ ಎಂಬ ವಿಚಾರಣೆ ನಡೆಯುವುದಿಲ್ಲ.

2013ರಲ್ಲಿ ಕರ್ನಾಟಕ ಸರ್ಕಾರ ಬಡವರಿಗೆ ಕೊಡುವ ಅನ್ನಭಾಗ್ಯದ ಅಕ್ಕಿ ಕಿಲೋಗೆ 1 ರೂಪಾಯಿ ಆದಾಗ, ಇನ್ನು ತೋಟಕ್ಕೆ ಆಳು ಸಿಕ್ಕ ಹಾಗೇ, ಜನ ಸೋಮಾರಿಗಳಾದರು ಎಂದು ಬೊಬ್ಬೆ ಎದ್ದಿತು. ತಾತ ಮಾಡಿಟ್ಟ ಆಸ್ತಿಯಲ್ಲಿ ಕೂತು ಉಣ್ಣುವವರ ದನಿಯೇ ಅದರಲ್ಲಿ ಜೋರು. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ ಟಿಕೆಟ್ ಬಿಟ್ಟಿಯಾಯಿತು. ಈ ಹೆಂಗಸರಿಗೆ ಇದ್ದಕ್ಕಿದ್ದಂತೆ ಧರ್ಮಸ್ಥಳಕ್ಕೆ ಹೋಗುವ ಭಕ್ತಿ ಎಲ್ಲಿಂದ ಬಂತು ಎಂಬ ಸಂಶೋಧನೆ ಶುರುವಾಯಿತು. ಭಕ್ತಿ ಮೊದಲಿನಿಂದಲೂ ಇತ್ತು, ಇಲ್ಲದೇ ಇದ್ದದ್ದು ಬಸ್ ಚಾರ್ಜು ಎಂದು ಯಾರಿಗೂ ಹೊಳೆಯಲಿಲ್ಲ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಂಪನಿಗಳಿಗೆ ಶೇ 22ರ ಹೊಸ ತೆರಿಗೆ ದರ ತಂದು, ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ವರಮಾನ ಕೈಬಿಟ್ಟಂತಾಗುತ್ತದೆ ಎಂದು ತಾನೇ ಹೇಳಿತು. ಕಂಪನಿಗಳು ಸೋಮಾರಿಗಳಾದಾವು ಎಂದು ಆಗ ಯಾರೂ ಹೆದರಲಿಲ್ಲ. ಅದು ಪ್ರೋತ್ಸಾಹ. ಅಕ್ಕಿ ಮಾತ್ರ ಬಿಟ್ಟಿ.

ಬಡತನಕ್ಕೂ ಒಂದು ಶಿಸ್ತು ಬೇಡವೇ? 2021ರ ಫೆಬ್ರುವರಿಯಲ್ಲಿ ರಾಜ್ಯದ ಆಗಿನ ಆಹಾರ ಸಚಿವ ಉಮೇಶ ಕತ್ತಿಯವರು, ಟಿವಿ, ಫ್ರಿಜ್, ಬೈಕ್ ಇದ್ದವರು ಬಿಪಿಎಲ್ ಕಾರ್ಡ್ ವಾಪಸ್ ಕೊಡಬೇಕು ಎಂದಿದ್ದರು. ಗಲಾಟೆಯಾಗಿ ಮಾತು ಹಿಂದೆ ಸರಿಯಿತು. ಸರಿಯಬಾರದಿತ್ತು. ಬಡವ ಸಂಜೆ ಕೂತು ಧಾರಾವಾಹಿ ನೋಡತೊಡಗಿದರೆ ತಾನು ಬಡವ ಎಂಬುದೇ ಅವನಿಗೆ ಮರೆತುಹೋಗುವುದಿಲ್ಲವೇ?

ಇನ್ನು ಕೊಡುವವರು ಇಲ್ಲವೆಂದಲ್ಲ. ನಾಯಕರ ಹುಟ್ಟುಹಬ್ಬದ ದಿನ ಯಾವ ಸರ್ಕಾರಿ ಆಸ್ಪತ್ರೆಗಾದರೂ ಹೋಗಿ ನೋಡಿ. ಹಾಸಿಗೆಯ ಮೇಲೊಬ್ಬ ತಾತ, ಮೂಗಿಗೆ ನಳಿಗೆ. ಹಣ್ಣು ತಿನ್ನುವ ಸ್ಥಿತಿಯಲ್ಲಿಲ್ಲ. ಪರವಾಗಿಲ್ಲ, ಹಿಡಿದುಕೊಳ್ಳುವ ಸ್ಥಿತಿಯಲ್ಲಿದ್ದಾನೆ. ಒಂದು ಬ್ರೆಡ್ ಪ್ಯಾಕು, ಎರಡು ಬಾಳೆಹಣ್ಣು, ಅದಕ್ಕೆ ಏಳು ಕೈ. ಹಿಂದೆ ನಿಂತವನಿಗೆ ಬ್ರೆಡ್ಡು ಎಟುಕದೆ ಮುಂದಿನವನ ಮೊಣಕೈ ಹಿಡಿದುಕೊಂಡಿದ್ದಾನೆ. ‘ತಾತಾ, ಈ ಕಡೆ ನೋಡಿ, ಒಂಚೂರು ನಗಿ.’ ಮರುದಿನದ ಪತ್ರಿಕೆಯಲ್ಲಿ ಫೋಟೊದಲ್ಲಿದ್ದವರೆಲ್ಲರ ಹೆಸರೂ ಇರುತ್ತದೆ, ತಾತನದೊಂದು ಬಿಟ್ಟು. ಫೋಟೊಗೆ ನಾಚುವ ಸಜ್ಜನರಿಗೆ, ದಾನಕ್ಕೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ರಸೀದಿ ಉಂಟು. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಆ ವಿನಾಯಿತಿಯೂ ಇಲ್ಲ. ಪುಣ್ಯವನ್ನು ಬರೀ ಪುಣ್ಯಕ್ಕಾಗಿ ಮಾಡಬೇಕಾದ ದುರ್ಗತಿ!

ಅರ್ಹತೆ ನೋಡಿ ಕೊಡುವ ಈ ವಿವೇಕ ತುಮಕೂರಿನ ಸಿದ್ಧಗಂಗಾ ಮಠಕ್ಕೆ ಇನ್ನೂ ಬಂದಿಲ್ಲ. ಅಲ್ಲಿ ಬಂದವರನ್ನು ಕೂರಿಸಿ ಊಟ ಹಾಕುತ್ತಾರೆ. ಜಾತಿ ಕೇಳುವುದಿಲ್ಲ, ಕಾರ್ಡ್ ಕೇಳುವುದಿಲ್ಲ, ಮನೆಯಲ್ಲಿ ಫ್ರಿಜ್ ಇದೆಯೇ ಎಂದೂ ಕೇಳುವುದಿಲ್ಲ. ಮಠದ ಹಿರಿಯ ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು ಲಿಂಗೈಕ್ಯರಾದಾಗಲೂ ಅಲ್ಲಿ ಓದುವ ಮಕ್ಕಳ ಊಟ ಮುಗಿಯಲೆಂದು ಮಠದವರು ಸುದ್ದಿಯನ್ನು ತಡೆದು ಹೇಳಿದರು. ಅಲ್ಲಿಗೆ ನಾವೂ ಹೋಗುತ್ತೇವೆ. ಸಾಲಿನಲ್ಲಿ ಕೂತು, ಸಾರಿಗೆ ಎರಡನೇ ಸಲ ಕೈ ತೋರಿಸಿ, ಹೊಟ್ಟೆ ತುಂಬ ಉಂಡು, ಹೊರಗೆ ಬಂದು ಹಲ್ಲು ಚುಚ್ಚಿಕೊಳ್ಳುತ್ತ, ‘ಹೀಗೆ ಎಲ್ಲರಿಗೂ ಬಿಟ್ಟಿ ಹಾಕಿದರೆ ದೇಶ ಉದ್ಧಾರ ಆಗುತ್ತಾ ಸಾರ್?’ ಎನ್ನುತ್ತೇವೆ. ಆ ಊಟಕ್ಕೆ ನಮ್ಮ ಅರ್ಹತೆ ಏನಿತ್ತು ಎಂದು ಬಡಿಸಿದವರು ಕೇಳಲಿಲ್ಲವಲ್ಲ, ಅದೇ ಧೈರ್ಯ.

ಮನೆಯ ಮಾತಿಗೆ ಬರೋಣ. ಕೆಲಸದಾಕೆ ಸೆರಗಿಗೆ ಕೈ ಒರೆಸಿಕೊಂಡು, ‘ಅಕ್ಕಾ, ಮಗಳ ಫೀಸಿಗೆ ಐದು ಸಾವಿರ ಬೇಕಿತ್ತು, ತಿಂಗಳಿಗೆ ಸಾವಿರದಂಗೆ ಹಿಡ್ಕೊಳ್ಳಿ’ ಎನ್ನುತ್ತಾಳೆ. ‘ನೋಡೋಣ’ ಎಂಬ ಉತ್ತರ ಹೋಗುತ್ತದೆ. ಆಮೇಲೆ ಗಂಡ ಹೆಂಡತಿ ಕೂತು ನೋಡುತ್ತಾರೆ. ಅವಳ ಕೈಯಲ್ಲಿ ಟಚ್ ಫೋನ್ ಇದೆ. ಹೋದ ತಿಂಗಳು ಜಾತ್ರೆಗೆಂದು ಎರಡು ದಿನ ರಜೆ ಹಾಕಿದ್ದಳು. ಗಂಡ ಕುಡಿಯುತ್ತಾನೆ. ಅರ್ಜಿ ತಿರಸ್ಕೃತ. ಸಮಾಧಾನಕ್ಕೆಂದು ಅಂಚು ಹರಿದ ಸೀರೆ ಒಂದು, ಫ್ರಿಜ್ಜಿನಲ್ಲಿದ್ದ ಮೊನ್ನೆಯ ಸಾಂಬಾರು ಒಂದು ಡಬ್ಬಿ. ಆಮೇಲೆ ಆರು ತಿಂಗಳು ಒಂದೇ ಕೊರಗು: ‘ಕೊಟ್ಟ ಸೀರೆ ಒಂದು ದಿನಾನೂ ಉಡಲಿಲ್ಲ ನೋಡಿ, ಈ ಜನಕ್ಕೆ ಎಷ್ಟು ಮಾಡಿದರೂ ಇಷ್ಟೇ.’

ಸೀರೆ ಏನಾಯಿತೆಂದು ವಿಚಾರಿಸಲು ಹೋಗಬೇಡಿ. ಆಕೆ ಕೇಳಿದ್ದು ಫೀಸು.