ದ್ವಿವರ್ಧಕ ಮೀಮಾಂಸೆ

ಯಾವುದೇ ಶಾಸ್ತ್ರಗ್ರಂಥಕ್ಕೆ ಅನುಬಂಧ ಚತುಷ್ಟಯ ಬೇಕು: ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ. ಪ್ರಯೋಜನವನ್ನು ಮೊದಲೇ ಹೇಳಿಬಿಟ್ಟರೆ ಗ್ರಂಥವನ್ನು ಮುಂದೆ ಓದುವವರಿರುವುದಿಲ್ಲವಾದ್ದರಿಂದ ಅದನ್ನು ಕೊನೆಗಿಟ್ಟಿದ್ದೇವೆ.

ವಿಷಯ: ಒಂದೇ ಜೊತೆ ಸ್ಪೀಕರಿಗೆ ಎರಡು ಜಾತಿಯ ಆಂಪ್ಲಿಫೈಯರ್ ಕೂಡಿಸುವುದು, ಕೆಳಗಿನ ಕಂಪನಗಳ ವೂಫರಿಗೆ ಟ್ರಾನ್ಸಿಸ್ಟರ್, ಮೇಲಿನ ಕಂಪನಗಳ ಟ್ವೀಟರಿಗೆ ವಾಲ್ವ್. ಲೀ ಡಿ ಫಾರೆಸ್ಟ್ 1906ರಲ್ಲಿ ಮಾಡಿದ ಆಡಿಯಾನ್ ವಾಲ್ವ್ ವರ್ಧಕಗಳ ಮೂಲಪುರುಷ. ಟ್ರಾನ್ಸಿಸ್ಟರ್ 1947ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ್ದು. ಗೋತ್ರ ಬೇರೆಯಾದ್ದರಿಂದ ಸಂಬಂಧ ಬೆಳೆಸಲು ಅಡ್ಡಿಯಿಲ್ಲ.

ಅಧಿಕಾರಿ: ಸ್ಪೀಕರಿನ ಬೆನ್ನಲ್ಲಿ ಎರಡು ಜೊತೆ ಟರ್ಮಿನಲ್ ಉಳ್ಳವನು ಮತ್ತು ಅವನ್ನು ಸೇರಿಸುವ ಲೋಹದ ಪಟ್ಟಿಗಳನ್ನು ಮರೆಯದೆ ಕಳಚಿದವನು. ಕಳಚದಿದ್ದರೆ ಒಂದು ಆಂಪಿನ ಔಟ್‌ಪುಟ್ ಇನ್ನೊಂದರ ಔಟ್‌ಪುಟ್ಟಿಗೆ ನುಗ್ಗಿ, ಶಾಸ್ತ್ರಾರ್ಥ ಹೊಗೆಯಲ್ಲಿ ಮುಗಿಯುತ್ತದೆ.

ಸಂಬಂಧ: ಒಂದು ಆಂಪಿನ ಗೇನ್ 26 ಡೆಸಿಬೆಲ್, ಮತ್ತೊಂದರದ್ದು 29 ಇದ್ದರೆ, ಆ 3 ಡೆಸಿಬೆಲ್ ಎಂದರೆ ಪವರಿನಲ್ಲಿ ದುಪ್ಪಟ್ಟು. ಹೆಚ್ಚಿನದ್ದನ್ನು ತಗ್ಗಿಸಿ ಎರಡನ್ನೂ ಸರಿಗಟ್ಟಬೇಕು. ಸರಿಗಟ್ಟದೆ ಬಿಟ್ಟಾಗ ಟ್ವೀಟರ್ ಜೋರಾದರೆ ಅದಕ್ಕೆ 'ಸ್ಪಷ್ಟತೆ' ಎಂದೂ, ವೂಫರ್ ಜೋರಾದರೆ 'ಗಾಂಭೀರ್ಯ' ಎಂದೂ ಹೆಸರಿಡುವುದು ಸಂಪ್ರದಾಯ.

ಪೂರ್ವಪಕ್ಷ: ಟ್ರಾನ್ಸಿಸ್ಟರ್ ಆಂಪಿನ ಔಟ್‌ಪುಟ್ ಇಂಪೀಡೆನ್ಸ್ ಬಹಳ ಕಡಿಮೆ, ವೂಫರಿನ ಕೋನನ್ನು ಅದು ಬಿಗಿಯಾಗಿ ಹಿಡಿಯುತ್ತದೆ, ಮೃದಂಗದ ತೊಪ್ಪಿಯ ನಾದ ನಿಲ್ಲಬೇಕಾದಲ್ಲೇ ನಿಲ್ಲುತ್ತದೆ. ವಾಲ್ವಿಗೆ ಆ ಹಿಡಿತವಿಲ್ಲ, ಆದರೆ ಇಂಪಿದೆ. ಒಂಟಿ 300ಬಿ ವಾಲ್ವಿನಿಂದ ಸಿಗುವುದು ಸುಮಾರು 8 ವ್ಯಾಟ್. ಟ್ವೀಟರಿಗೆ ಅಷ್ಟು ಧಾರಾಳ. ಆದ್ದರಿಂದ ಬಲ ಟ್ರಾನ್ಸಿಸ್ಟರಿನಿಂದ, ಗಾಯಕಿಯ ಕಂಠಮಾಧುರ್ಯ ವಾಲ್ವಿನಿಂದ.

ಪ್ರಥಮ ಖಂಡನೆ: ಎರಡು ದಾರಿಯ ಸ್ಪೀಕರಿನಲ್ಲಿ ವೂಫರ್ ಮತ್ತು ಟ್ವೀಟರ್‌ಗಳ ಗಡಿ ಸಾಮಾನ್ಯವಾಗಿ 2000ದಿಂದ 3000 ಹರ್ಟ್ಸ್ ನಡುವೆ ಬೀಳುತ್ತದೆ. ಹಾಡುವ ದನಿಯ ಮೂಲಕಂಪನವಾದರೋ ತಾರಸ್ಥಾಯಿಯಲ್ಲೂ ಹೆಚ್ಚುಕಡಿಮೆ 1000 ಹರ್ಟ್ಸ್‌ಗೇ ನಿಲ್ಲುತ್ತದೆ. ಅಂದರೆ ಗಾಯಕಿಯ ಷಡ್ಜ, ಪಂಚಮ, ಗಮಕದ ಬಹುಪಾಲು ಟ್ರಾನ್ಸಿಸ್ಟರಿನ ಸುಪರ್ದಿನಲ್ಲಿವೆ. ವಾಲ್ವಿನ ಪಾಲಿಗೆ ಉಳಿದದ್ದು ಮೇಲಿನ ಹಾರ್ಮೋನಿಕ್‌ಗಳು, ತಾಳದ ಕಿಣಿಕಿಣಿ ಮತ್ತು ಸಾಹಿತ್ಯದಲ್ಲಿ ಬರುವ ಸಕಾರ ಶಕಾರಗಳು. ಆದರೂ ಕಿತ್ತಳೆ ಬಣ್ಣದಲ್ಲಿ ಬೆಳಗುವ ವಾಲ್ವನ್ನು ನೋಡುತ್ತ ಕುಳಿತ ರಸಿಕ 'ಆಹಾ, ವಾಲ್ವಿನ ಕಂಠ!' ಎನ್ನುತ್ತಾನೆ. ಕೆಳಗಿನ ಕಪ್ಪು ಡಬ್ಬಿ ಬೆಳಗುವುದಿಲ್ಲವಾದ್ದರಿಂದ ಹಾಡುವುದೂ ಇಲ್ಲವೆಂದು ಸಿದ್ಧವಾಯಿತು.

ದ್ವಿತೀಯ ಖಂಡನೆ: ವೂಫರ್ ಮತ್ತು ಟ್ವೀಟರ್‌ಗಳಿಗೆ ಸಂಗೀತವನ್ನು ಪಾಲು ಮಾಡಿಕೊಡುವ, ಸ್ಪೀಕರಿನೊಳಗಿನ ಕ್ರಾಸ್‌ಓವರನ್ನು ಹಾಗೇ ಬಿಟ್ಟರೆ ಎರಡೂ ಆಂಪಿಗೆ ಇಡೀ ಸಂಗೀತವೇ ಹೋಗುತ್ತದೆ. ಟ್ವೀಟರ್ ಬದಿಯ ಕ್ರಾಸ್‌ಓವರ್ ಮಂದ್ರದ ಕರೆಂಟನ್ನು ತಡೆಯುತ್ತದೆ ನಿಜ. ಮಂದ್ರದ ವೋಲ್ಟೇಜನ್ನು ಮಾತ್ರ ವಾಲ್ವ್ ತಯಾರಿಸಲೇಬೇಕು, ಏಕಾದಶಿಯಂದು ಊರಿಗೆಲ್ಲ ಅಡುಗೆ ಮಾಡಿದಂತೆ. 8 ಓಮಿಗೆ 8 ವ್ಯಾಟ್ ಎಂದರೆ 8 ವೋಲ್ಟ್. ಈ ಅಷ್ಟಕತ್ರಯವನ್ನು ಭಕ್ತರು ಶುಭವೆಂದೇ ಬಗೆಯಬಹುದು. ಆದರೆ ಟ್ರಾನ್ಸಿಸ್ಟರ್ ತನ್ನ 50 ವ್ಯಾಟ್ ಹೊಮ್ಮಿಸಲು 20 ವೋಲ್ಟಿಗೆ ಏರಿದಾಗ, ಗೇನ್ ಸರಿಗಟ್ಟಿದ ವಾಲ್ವಿಗೂ 20 ವೋಲ್ಟಿನ ಬೇಡಿಕೆ ಬರುತ್ತದೆ. ಅದು 8ರ ಆಸುಪಾಸಿನಲ್ಲೇ ಸೋತು ಅಲೆಯ ತಲೆ ಕತ್ತರಿಸುತ್ತದೆ. ಕತ್ತರಿಸಿದ ಚೂರುಗಳು ನೇರವಾಗಿ ಟ್ವೀಟರಿಗೆ ಸೇರುತ್ತವೆ. ಬಲಕ್ಕೆಂದು ತಂದ ಟ್ರಾನ್ಸಿಸ್ಟರಿನ ಬಲಕ್ಕೆ ವಾಲ್ವೇ ಮಿತಿ.

ಸಿದ್ಧಾಂತ: ಕ್ರಾಸ್‌ಓವರ್ ಆಂಪಿನ ನಂತರವಲ್ಲ, ಮುಂಚೆ ಇರಬೇಕು. ಆಕ್ಟಿವ್ ಕ್ರಾಸ್‌ಓವರಿನಲ್ಲಿ ಸಂಗೀತವನ್ನು ಮೊದಲೇ ಇಬ್ಭಾಗಿಸಿ, ಆಯಾ ಆಂಪಿಗೆ ಆಯಾ ಪಾಲನ್ನಷ್ಟೇ ಕೊಟ್ಟರೆ ಮೇಲಿನ ಎರಡನೆಯ ದೋಷ ಅಳಿಯುತ್ತದೆ. ಅದಕ್ಕೆ ಅಳತೆಯ ಮೈಕು, ಗಣಿತ ಮತ್ತು ತಾಳ್ಮೆ ಬೇಕಾದ್ದರಿಂದ ಈ ಸಿದ್ಧಾಂತವನ್ನು ಎಲ್ಲರೂ ಒಪ್ಪುತ್ತಾರೆ, ಯಾರೂ ಆಚರಿಸುವುದಿಲ್ಲ.

ಪ್ರಯೋಜನ: ಇಂಪಾದರೆ ವಾಲ್ವಿನ ಮಹಿಮೆ, ಕರ್ಕಶವಾದರೆ ಟ್ರಾನ್ಸಿಸ್ಟರಿನ ದೋಷ, ಏನೂ ಬದಲಾಗದಿದ್ದರೆ ಕೇಬಲ್ಲಿನ ತಪ್ಪು. ಹೀಗೆ ದ್ವಿವರ್ಧಕನಿಗೆ ಆಯುಷ್ಯಪೂರ್ತಿ ಚರ್ಚೆಗೆ ಕೊರತೆಯಿಲ್ಲ. ಒಂದೇ ಆಂಪ್ ಇರುವ ಬಡಪಾಯಿಗೆ ಈ ಅನುಕೂಲವಿಲ್ಲ. ಅವನು ಕುಳಿತು ಹಾಡು ಕೇಳಬೇಕಾಗುತ್ತದೆ.